ಗಡಿಯಾರ ರಿಪೇರಿಯವರ ಮನೆಗೆ ಹೊಸ ಪೈಪು

ಬೆಳಗ್ಗೆ ಆರಕ್ಕೆ ನೀರು ಬರುತ್ತಿತ್ತು. ಬರುವ ಮೊದಲು ನಲ್ಲಿ ಎರಡು ಸಲ ಕೆಮ್ಮುತ್ತಿತ್ತು. ಆಮೇಲೆ ಸ್ವಲ್ಪ ಗಾಳಿ, ಆಮೇಲೆ ತೆಳು ಚಹಾದ ಬಣ್ಣದ ನೀರು, ಕೊನೆಗೆ ನೀರಿನ ಬಣ್ಣದ ನೀರು. ಅಜ್ಜಿ ಮೊದಲ ಎರಡು ಬಕೆಟ್ಟು ನೆಲ ಒರೆಸಲು ಇಟ್ಟು ಮೂರನೆಯದನ್ನು ಕುಡಿಯಲು ಹಿಡಿಯುತ್ತಿದ್ದಳು. ಆ ಬೀದಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು. ಎಲ್ಲರೂ ಮಾಡುತ್ತಿದ್ದುದರಿಂದ ಯಾರಿಗೂ ಅದೊಂದು ತೊಂದರೆ ಎಂದು ಅನ್ನಿಸಿರಲಿಲ್ಲ.

ಅಜ್ಜಿ ಎಂದರೆ ಅಂಥ ಮುದುಕಿಯೇನಲ್ಲ. ಮೊಮ್ಮಗಳು ಹುಟ್ಟಿ ಎಂಟು ತಿಂಗಳು. ಅಜ್ಜಿ ಎಂಬ ಹೆಸರು ಬಂದೂ ಎಂಟೇ ತಿಂಗಳು. ಮಗ ಸೊಸೆ ಕೆಲಸಕ್ಕೆ ಹೋದರೆ ಪುಟ್ಟಿ ಸಂಜೆಯವರೆಗೆ ಅವಳ ಮಡಿಲಲ್ಲಿ. ಮುಂದಿನ ಕೋಣೆಯಲ್ಲಿ ಅಜ್ಜನ ಗಡಿಯಾರ ರಿಪೇರಿ ಅಂಗಡಿ. ಅಲ್ಲಿಯ ಗೋಡೆಯ ಮೇಲೆ ಇಪ್ಪತ್ತು ಗಡಿಯಾರ, ಒಂದೊಂದರಲ್ಲೂ ಒಂದೊಂದು ಹೊತ್ತು.

ಮಧ್ಯಾಹ್ನ ಪುಟ್ಟಿ ಮಲಗಿದಾಗ ಮನೆಯೇ ನಿದ್ದೆಗೆ ಜಾರಿದ ಹಾಗಿರುತ್ತಿತ್ತು. ಆಗ ಅಜ್ಜಿ ಅಡುಗೆಮನೆಯ ಗೋಡೆಗೆ ಒರಗಿ ಕೂತು ಕಿವಿಗೊಡುತ್ತಿದ್ದಳು. ಮಾಳಿಗೆಯ ಟ್ಯಾಂಕಿನಿಂದ ಬರುವ ನಲ್ಲಿಗಳೆಲ್ಲ ಮುಚ್ಚಿದ್ದರೂ ಗೋಡೆಯೊಳಗೆ ಎಲ್ಲೋ ತೀರ ಸಣ್ಣಗೆ, ಯಾರೋ ದೂರದಲ್ಲಿ ಗುಟ್ಟು ಹೇಳುತ್ತಿರುವಂತೆ ಒಂದು ಸದ್ದು. ಗೋಡೆಯ ಮೇಲೆ ಮೋಡದಂಥ ಒಂದು ತೇವದ ಗುರುತಿತ್ತು. ಅದರ ಅಂಚಿಗೆ ಅವಳು ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದಳು. ವಾರ ಕಳೆದು ನೋಡಿದರೆ ಮೋಡ ಗೆರೆ ದಾಟಿ ಮುಂದೆ ಹೋಗಿರುತ್ತಿತ್ತು. ಮತ್ತೊಂದು ಗೆರೆ ಎಳೆಯುತ್ತಿದ್ದಳು.

ಆ ತಿಂಗಳು ಪುಟ್ಟಿಗೆ ಎರಡು ಸಲ ಭೇದಿಯಾಯಿತು. ಎರಡನೆಯ ಸಲ ಕಣ್ಣು ಒಳಗೆ ಹೋಗಿ, ಮಗು ಅಳುವುದಕ್ಕೂ ಬಲವಿಲ್ಲದೆ ಹೆಗಲ ಮೇಲೆ ಹತ್ತಿಯ ಹಾಗೆ ಬಿದ್ದುಕೊಂಡಿತ್ತು. ಆಸ್ಪತ್ರೆಯ ನರ್ಸಮ್ಮ ಮಗುವಿನ ತೂಕ ನೋಡಿ, ಔಷಧಿ ಕೊಟ್ಟು, ಅಜ್ಜಿಯ ಮುಖ ನೋಡಿದಳು.

"ನೀರು ಕುದಿಸಿ ಕೊಡ್ತೀರಾ?"

"ಕುದಿಸಿ, ಆರಿಸಿ, ಸೋಸಿ ಕೊಡ್ತೀನಿ."

"ಬಟ್ಟಲು, ಚಮಚ ಯಾವ ನೀರಲ್ಲಿ ತೊಳೀತೀರಾ? ಸ್ನಾನದ ನೀರು? ಮಗು ಒದ್ದೆ ಕೈ ಬಾಯಿಗೆ ಹಾಕ್ಕೊಳ್ಳಲ್ವಾ?"

ಅಜ್ಜಿ ಪುಟ್ಟಿಯ ಕೈಯನ್ನು ಸೆರಗಿನಿಂದ ಒರೆಸಿದಳು.

"ನಿಮ್ಮ ಪೈಪು ಎಷ್ಟು ಹಳೇದು ನೋಡ್ಸಿ ಅಮ್ಮಾ. ಮೂರನೇ ಸಲಕ್ಕೆ ಕಾಯ್ಬೇಡಿ. ಮತ್ತೆ ಭೇದಿ ಶುರುವಾದ್ರೆ ತಕ್ಷಣ ಕರ್ಕೊಂಡು ಬನ್ನಿ."

ಮೂರನೇ ಸಲ ಎಂಬ ಮಾತನ್ನು ಅಜ್ಜಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡಳು. ಮನೆಗೆ ಬಂದವಳೇ ಅಂಗಡಿಯ ಬಾಗಿಲಲ್ಲಿ ನಿಂತಳು. ಅಜ್ಜ ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದ.

"ರೀ, ಪೈಪು ಬದಲಾಯಿಸೋಣ."

"ಎಲ್ಲಿ ಸೋರುತ್ತೆ ಹೇಳು, ಕಟ್ಟಿಕೊಡ್ತೀನಿ."

"ಈಗಾಗ್ಲೇ ಹನ್ನೊಂದು ಕಡೆ ಕಟ್ಟಿದ್ದೀರಿ."

"ಹನ್ನೊಂದೂ ನಿಂತಿದೆಯಲ್ಲ."

ಅದು ನಿಜವೇ. ಅಜ್ಜನ ಕಟ್ಟುಗಳನ್ನು ನೋಡಲು ಬೀದಿಯವರು ಬರುತ್ತಿದ್ದರು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅದರ ಮೇಲೆ ತಾಮ್ರದ ತಂತಿಯನ್ನು ಸಾಲಾಗಿ ಬಿಗಿದು, ಗಿರಾಕಿಯ ಗಡಿಯಾರಕ್ಕೆ ಕಟ್ಟುವಂಥದೇ ಪುಟ್ಟ ಚೀಟಿ ಕಟ್ಟಿ ತಾರೀಕು ಬರೆಯುತ್ತಿದ್ದ. ಪೈಪಿನ ಮೇಲೆ ಒಡವೆ ತೊಡಿಸಿದಂತೆ ಕಾಣುತ್ತಿತ್ತು.

"ಕೆಟ್ಟದ್ದನ್ನೆಲ್ಲ ಬದಲಾಯಿಸಿ ಅಂತ ನಾನೂ ಹೇಳಿದ್ರೆ ಈ ಅಂಗಡಿ ಯಾಕೆ?" ಎಂದ ಅಜ್ಜ, ತಲೆ ಎತ್ತದೆ. "ಮನೆಯೆಲ್ಲ ಒಡೆದು ಹಾಕ್ತಾರೆ. ಗಾಜಿನ ಕಪಾಟು ಮಾಡ್ಸೋಣ ಅಂತ ಇಟ್ಟಿರೋ ದುಡ್ಡು ಗೋಡೆಯೊಳಗೆ ಹೂತು ಹೋಗುತ್ತೆ. ಹೊರಗೆ ಒಬ್ಬರಿಗೂ ಕಾಣಲ್ಲ."

ಮರುದಿನ ಬೆಳಗ್ಗೆ ಏಳಕ್ಕೆ, ರಿಪೇರಿಗೆ ಕೊಟ್ಟ ಕೈಗಡಿಯಾರ ಕೇಳಲು ಪೈಪಕ್ಕ ಬಂದಳು. ಅವಳು ನಲ್ಲಿ, ಪೈಪಿನ ಕೆಲಸ ಮಾಡುವ ಹೆಂಗಸು. ಇಪ್ಪತ್ತು ವರ್ಷದಿಂದ ಬೀದಿ ಬೀದಿ ಸುತ್ತಿ, ಅವಳ ಹೆಸರು ಜನಕ್ಕೆ ಮರೆತು ಕೆಲಸ ಮಾತ್ರ ಉಳಿದಿತ್ತು. ಅಜ್ಜಿ ಅವಳನ್ನು ಕೈ ಹಿಡಿದು ಅಡುಗೆಮನೆಗೆ ಕರೆದೊಯ್ದು ಗೋಡೆಯ ಮೋಡ ತೋರಿಸಿದಳು.

ಪೈಪಕ್ಕ ಮನೆಯ ನಲ್ಲಿಗಳನ್ನೆಲ್ಲ, ಟ್ಯಾಂಕಿಗೆ ನೀರು ಹತ್ತಿಸುವ ನಲ್ಲಿಯನ್ನೂ ಮುಚ್ಚಿಸಿದಳು. ಆಮೇಲೆ ಹೊರಗೆ ಹೋಗಿ ನೀರಿನ ಮೀಟರಿನ ಮುಚ್ಚಳ ತೆಗೆದಳು. ಒಳಗಿನ ಪುಟ್ಟ ಚಕ್ರ ಕನಸಿನಲ್ಲಿ ನಡೆಯುವವರ ಹಾಗೆ ನಿಧಾನವಾಗಿ ತಿರುಗುತ್ತಿತ್ತು.

"ನೋಡಿ ಯಜಮಾನ್ರೇ. ಎಲ್ಲಾ ನಲ್ಲಿ ಮುಚ್ಚಿದೆ, ಮೀಟರು ಓಡ್ತಿದೆ. ನೀರು ಗೋಡೆಯೊಳಗೆ ಹೋಗ್ತಿದೆ."

"ಮೀಟರು ಕೆಟ್ಟಿರಬಹುದು. ಬಿಚ್ಚಿಕೊಡಿ, ಸರಿ ಮಾಡ್ತೀನಿ."

"ಮುಟ್ಟಿದ್ರೆ ಇಲಾಖೆಯವರು ನಿಮ್ಮನ್ನ ಸರಿ ಮಾಡ್ತಾರೆ," ಎಂದಳು ಪೈಪಕ್ಕ.

ಹಿತ್ತಲಲ್ಲಿ ಪೈಪು ಮೋರಿಯ ಅಂಚಿನಲ್ಲೇ ಹಾದು ಬರುತ್ತಿತ್ತು. ಅಲ್ಲಿ ಅಜ್ಜನ ಏಳನೆಯ ಕಟ್ಟು ಕೊಚ್ಚೆ ನಿಂತ ಒಂದು ಗುಂಡಿಯಲ್ಲಿ ಅರ್ಧ ಮುಳುಗಿತ್ತು. ಪೈಪಕ್ಕ ಕುಕ್ಕುರುಗಾಲಲ್ಲಿ ಕೂತು ಅದನ್ನೇ ನೋಡಿದಳು.

"ಕಟ್ಟು ಚೆನ್ನಾಗಿದೆ. ಆದ್ರೆ ರಬ್ಬರು ಒಣಗಿ ಸೀಳು ಬಿಟ್ಟಿದೆ."

"ಒಂದು ಹನಿ ಹೊರಗೆ ಬಂದಿದ್ರೆ ತೋರ್ಸಿ ನೋಡೋಣ."

"ನಾನು ಕೇಳ್ತಿರೋದು ಒಳಗೆ ಹೋಗೋ ಹನಿ. ಎಂಟಕ್ಕೆ ನೀರು ನಿಲ್ಲುತ್ತಲ್ಲ, ಆಗ ಪೈಪು ಖಾಲಿಯಾಗ್ತಾ ಉಸಿರು ಎಳ್ಕೊಳ್ಳುತ್ತೆ. ಸಣ್ಣ ತೂತಿದ್ರೂ ಸಾಕು, ಹೊರಗಿನದೆಲ್ಲ ಒಳಗೆ. ಅಮ್ಮಾ, ಬಟ್ಟೆಗೆ ಹಾಕೋ ನೀಲಿ ಇದೆಯಾ?"

ಎಂಟು ಗಂಟೆಗೆ ಸರಿಯಾಗಿ, ನೀರು ನಿಲ್ಲುವ ಹೊತ್ತಿಗೆ, ಅವಳು ನೀಲಿಯ ಬಾಟಲಿಯನ್ನು ಪೂರ್ತಿ ಗುಂಡಿಗೆ ಸುರಿದಳು. ಆಕಾಶ ಮೋರಿಯ ಪಕ್ಕಕ್ಕೆ ಬಂದು ಮಲಗಿದಂತಾಯಿತು.

"ನಾಳೆ ಮೊದಲು ಬರೋ ನೀರನ್ನ ಗಾಜಿನ ಲೋಟಗಳಲ್ಲಿ ಹಿಡೀರಿ. ಯಾರೂ ಕುಡೀಬಾರ್ದು. ನೋಡೋದಕ್ಕೆ ಮಾತ್ರ."

ಮರುದಿನ ಆರಕ್ಕೆ ಅಜ್ಜಿ ಸಾಲಾಗಿ ಲೋಟಗಳನ್ನು ಹಿಡಿದು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮೊದಲೆರಡು ಚಹಾದ ಬಣ್ಣ. ಮೂರನೆಯದು ಮಸುಕು. ನಾಲ್ಕನೆಯದರಲ್ಲಿ ಏನೋ ಬೇರೆ ಇತ್ತು. ಅಷ್ಟರಲ್ಲಿ ಬಿಸಿಲು ಕಿಟಕಿಗೆ ಬಂತು. ನೆಲದ ಮೇಲೆ ಒಂದು ತಿಳಿನೀಲಿ ಬೆಳಕು ನಡುಗುತ್ತ ಬಿತ್ತು. ನೋಡಲು ಎಷ್ಟು ಚಂದವಿತ್ತೆಂದರೆ, ಅದೇನೆಂದು ಒಂದು ಕ್ಷಣ ಅಜ್ಜಿಗೂ ನೆನಪಾಗಲಿಲ್ಲ. ಪುಟ್ಟಿ ಅಂಬೆಗಾಲಿಟ್ಟು ಬಂದು ಆ ಬೆಳಕನ್ನು ಹಿಡಿಯಲು ಕೈ ಚಾಚಿದಳು. ಸಿಗದಿದ್ದಾಗ ಬಗ್ಗಿ ಬಾಯಿ ಹಾಕಿದಳು.

ಅಜ್ಜ ಮಗುವನ್ನು ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ಲೋಟ ತೆಗೆದು ಬೆಳಕಿಗೆ ಹಿಡಿದ. ಭೂತಗಾಜು ಸಿಕ್ಕಿಸಿಕೊಂಡು ತುಂಬ ಹೊತ್ತು ನೋಡಿದ. ಅಜ್ಜಿ ಉಳಿದ ಲೋಟಗಳನ್ನು ಸರಿಸಿಡುತ್ತ ನಿಂತಳು. ಈಗ ಒಂದು ಮಾತು ಹೆಚ್ಚಾದರೂ ಅವನು ಮತ್ತೆ ಹಟಕ್ಕೆ ಬೀಳುತ್ತಾನೆಂದು ಮೂವತ್ತು ವರ್ಷದ ಸಂಸಾರ ಅವಳಿಗೆ ಕಲಿಸಿತ್ತು.

"ಹೊರಗೆ ಹೋಗೋದನ್ನ ಮಾತ್ರ ತಡೆದೆ ನಾನು," ಎಂದ ಕೊನೆಗೆ. "ಧೂಳು ಒಳಗೆ ಹೋಗದ ಹಾಗೆ ನೋಡ್ಕೊಳ್ಳಿ ಅಂತ ದಿನಾ ಗಿರಾಕಿಗಳಿಗೆ ಹೇಳ್ತೀನಿ. ಇದು ಹೊಳೀಲಿಲ್ಲ ನೋಡು."

"ಪೈಪಕ್ಕನ್ನ ಕರೀಲಾ?"

"ಕರಿ. ಕಪಾಟು ಆಮೇಲೆ ಮಾಡ್ಸೋಣ."

ಪೈಪಕ್ಕ ಬಂದವಳು ಮೊದಲು ಹೇಳಿದ ಮಾತು, "ನನ್ನೊಬ್ಬಳ ಲೆಕ್ಕ ನಂಬಬೇಡಿ. ಇನ್ನಿಬ್ಬರನ್ನ ಕರೆಸಿ ಕೇಳಿ. ಕಾಗದದಲ್ಲಿ ಬರೆಸ್ಕೊಳ್ಳಿ."

ಇನ್ನಿಬ್ಬರಲ್ಲಿ ಒಬ್ಬ ಮನೆ ನೋಡದೆ ಫೋನಿನಲ್ಲೇ ದೊಡ್ಡ ಮೊತ್ತ ಹೇಳಿದ. ಮತ್ತೊಬ್ಬ ಬಂದು ನೋಡಿ, ಪೈಪಕ್ಕ ಹೇಳಿದ್ದಕ್ಕಿಂತ ಬಹಳ ಕಡಿಮೆ ಬರೆದುಕೊಟ್ಟ. ಅಜ್ಜನ ಮುಖ ಅರಳಿತು. ಅಜ್ಜಿ ಆ ಕಾಗದವನ್ನು ಎರಡು ಸಲ ಓದಿ ಕೇಳಿದಳು, "ಒಡೆದ ಗೋಡೆ ಮುಚ್ಚೋದು ಇದರಲ್ಲಿ ಸೇರಿದೆಯಾಪ್ಪ?"

"ಅದು ಗಾರೆಯವರ ಕೆಲಸ ಅಮ್ಮಾ. ಅವರನ್ನ ನೀವೇ ಬೇರೆ ನೋಡ್ಕೋಬೇಕು."

ಅಜ್ಜನ ಮುಖ ಮತ್ತೆ ಮೊದಲಿನ ಹಾಗಾಯಿತು.

ಪೈಪಕ್ಕ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಮನೆಯ ನಕ್ಷೆ ಬರೆದಳು. "ಖರ್ಚನ್ನ ಹತ್ತು ಪಾಲು ಅಂತಿಟ್ಕೊಳ್ಳಿ. ನಿಮ್ಮ ಮನೆಗೆ ಪೈಪು, ನಲ್ಲಿ, ವಾಲ್ವು ಎಲ್ಲ ಸೇರಿ ನಾಲ್ಕು ಪಾಲು. ನನ್ನ ಕೂಲಿ ಮೂರು. ಗೋಡೆ ಒಡೆದು ಮತ್ತೆ ಮುಚ್ಚೋದಕ್ಕೇ ಮೂರು. ಜನ ಮರೆಯೋದು ಈ ಕೊನೇ ಮೂರನ್ನ."

"ಗೋಡೆ ಒಡೀಲೇಬೇಕಾ?" ಎಂದ ಅಜ್ಜ.

"ಬೇಡ. ಹಳೇ ಪೈಪನ್ನ ಒಳಗೇ ಬಿಟ್ಟು ಬಾಯಿ ಮುಚ್ಚಿಬಿಡೋಣ. ಹೊಸದನ್ನ ಗೋಡೆ ಮೇಲೇ ತರೋಣ. ನೋಡೋಕೆ ಅಷ್ಟು ಚೆನ್ನಾಗಿರಲ್ಲ. ಆದ್ರೆ ಮೂರು ಪಾಲು ಒಂದಾಗುತ್ತೆ. ಮುಂದೆ ಸೋರಿದ್ರೂ ಕಣ್ಣಿಗೆ ಕಾಣುತ್ತೆ."

"ಒಂದೇ ಸಲ ಆಗದಿದ್ರೆ?" ಅಜ್ಜಿ ಕೇಳಿದಳು.

"ಮೊದಲು ಬೀದಿಯಿಂದ ಅಡುಗೆಮನೆವರೆಗೆ. ಆ ಮೋರಿ ಕಡೆಯಿಂದ ಬಿಡಿಸಿ ಎತ್ತರದಲ್ಲಿ ತರ್ತೀನಿ. ಬಚ್ಚಲುಮನೆ ಮೂರು ತಿಂಗಳು ಬಿಟ್ಟು. ಅಲ್ಲೀವರೆಗೆ ಪುಟ್ಟಿ ಸ್ನಾನಕ್ಕೂ ಅಡುಗೆಮನೆ ನೀರೇ. ಬಚ್ಚಲಿಗೆ ಬೇರೆ ವಾಲ್ವು ಹಾಕ್ತೀನಿ, ಕೆಲಸ ಮಾಡುವಾಗ ಇಡೀ ಮನೆ ನೀರು ನಿಲ್ಲಲ್ಲ. ಮತ್ತೆ ಹನ್ನೊಂದನೇ ಪಾಲು ಅಂತ ಒಂದು ಪಕ್ಕಕ್ಕಿಟ್ಟಿರಿ. ಹಳೇ ಮನೆ, ಏನು ಗುಟ್ಟಿಟ್ಕೊಂಡಿದೆಯೋ ಗೊತ್ತಿಲ್ಲ."

ಕುಡಿಯುವ ನೀರಿಗೆ ಸರಿ ಎಂಬ ಗುಣಮಟ್ಟದ ಮುದ್ರೆ ಇರುವ ಪೈಪನ್ನೇ ಅಜ್ಜಿ ಆರಿಸಿದಳು. ಬಿಸಿನೀರಿಗೆ ಬೇರೆ ಜಾತಿಯ ಪೈಪು ಬೇಕೆಂದು ಅಂದೇ ಅವಳಿಗೆ ತಿಳಿದದ್ದು. ರಸೀದಿಯನ್ನು ಮಗುವಿನ ಲಸಿಕೆಯ ಕಾರ್ಡಿನ ಜೊತೆ ಇಟ್ಟಳು.

ಹೊಸ ಪೈಪು ಗೋಡೆಯ ಮೇಲೇ ಬರಲಿ ಎಂದು ಅಜ್ಜ ಒಪ್ಪಿದ. ಅಡುಗೆಮನೆವರೆಗಿನ ಕೆಲಸ ನಾಲ್ಕು ದಿನ ನಡೆಯಿತು. ನೀರನ್ನು ಪಕ್ಕದ ಬೀದಿಯಿಂದ ತಂದು ಕುದಿಸಿದರು. ಕತ್ತರಿಸಿದ ಹಳೆಯ ಪೈಪಿನ ಒಂದು ತುಂಡನ್ನು ಪೈಪಕ್ಕ ಅಜ್ಜನ ಕೈಗಿಟ್ಟಳು. ಹೆಬ್ಬೆರಳು ಹೋಗಬೇಕಾದ ಜಾಗದಲ್ಲಿ ಕಿರುಬೆರಳೂ ಹೋಗುತ್ತಿರಲಿಲ್ಲ. ಒಳಗೆಲ್ಲ ತುಕ್ಕು ಗುಹೆಯ ಗೋಡೆಯಂತೆ ಬೆಳೆದಿತ್ತು. ಇಷ್ಟು ವರ್ಷ ತಮ್ಮ ಮನೆಯ ನೀರೆಲ್ಲ ಈ ಕತ್ತಲೆಯ ಗುಹೆಯನ್ನು ತೂರಿಕೊಂಡು ಬರುತ್ತಿತ್ತೆಂದು ನೆನೆದು ಅಜ್ಜಿಗೆ ನೀರಿನ ಮೇಲೇ ಕನಿಕರ ಹುಟ್ಟಿತು.

ಮೂರನೆಯ ದಿನ ಪೈಪಕ್ಕ ಹೊಸ ಪೈಪಿನ ಬಾಯಿಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ನೀರು ತುಂಬಿ ಒತ್ತಡ ಕೊಟ್ಟಳು. ಪಂಪಿನ ಮೇಲೆ ಒತ್ತಡ ತೋರಿಸುವ ಒಂದು ಬಿಲ್ಲೆ, ಅದರಲ್ಲೊಂದು ಮುಳ್ಳು.

"ಎರಡು ಗಂಟೆ ಈ ಮುಳ್ಳು ಕೆಳಗೆ ಇಳೀಬಾರ್ದು. ಇಳಿದ್ರೆ ಎಲ್ಲೋ ಸೋರ್ತಿದೆ ಅಂತ. ಇದನ್ನ ನೋಡದೆ ತೂತು ಮುಚ್ಚಿ ಗಾರೆ ಮಾಡೋಕೆ ಯಾರಿಗೂ ಬಿಡ್ಬೇಡಿ. ಕೊನೇ ಕಂತೂ ಆಮೇಲೇ ಕೊಡಿ, ನನಗೂ ಅಷ್ಟೇ."

ಅಜ್ಜ ಸ್ಟೂಲು ಎಳೆದುಕೊಂಡು ಅದರ ಮುಂದೆ ಕೂತ. ಜೀವಮಾನವೆಲ್ಲ ನಿಂತ ಮುಳ್ಳನ್ನು ಓಡಿಸಿದವನು, ಈಗ ಮುಳ್ಳು ಅಲುಗದಿರಲಿ ಎಂದು ಎರಡು ಗಂಟೆ ಉಸಿರು ಬಿಗಿಹಿಡಿದ. ಮುಳ್ಳು ಅಲುಗಲಿಲ್ಲ.

ಗಾರೆಗೆ ಮೊದಲು ಸೊಸೆ ಪೈಪು ಗೋಡೆ ತೂರಿ ಹೋಗುವ ಜಾಗಗಳ ಫೋಟೋ ತೆಗೆದುಕೊಂಡಳು, ಮುಂದೆ ಯಾರಾದರೂ ಮೊಳೆ ಹೊಡೆಯುವ ಮೊದಲು ನೋಡಲಿ ಎಂದು. ಟ್ಯಾಂಕು ತೊಳೆದರು. ಹೊಸ ನಲ್ಲಿಯನ್ನು ಅರ್ಧ ಗಂಟೆ ಹರಿಯಬಿಟ್ಟು ಆ ನೀರನ್ನು ಗಿಡಕ್ಕೆ ಹಾಕಿದರು. ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಟ್ಟು, ಚೀಟಿ ಬರುವವರೆಗೂ ಎಲ್ಲರೂ ಕುದಿಸಿದ ನೀರನ್ನೇ ಕುಡಿದರು. ಚೀಟಿ ಬಂತು. ನೀರು ಸರಿಯಿತ್ತು. ಪುಟ್ಟಿಗೆ ಮಾತ್ರ ಆಮೇಲೂ ಕುದಿಸಿ ಕೊಡುವುದನ್ನು ಅಜ್ಜಿ ಬಿಡಲಿಲ್ಲ.

ಎರಡು ತಿಂಗಳು ಕಳೆದು ನರ್ಸಮ್ಮ ತೂಕ ನೋಡಿದಾಗ ಮಗು ತಕ್ಕಡಿಯಲ್ಲಿ ನಿಲ್ಲಲೊಲ್ಲದೆ ಕಾಲು ಝಾಡಿಸುತ್ತಿತ್ತು. ಮೂರನೇ ಸಲ ಬಂದಿರಲಿಲ್ಲ. ಮನೆಗೆ ಬಂದು ಅಜ್ಜಿ ಬಟ್ಟಲನ್ನು ನಲ್ಲಿಯಲ್ಲಿ ತೊಳೆದು ಪುಟ್ಟಿಗೆ ಉಣ್ಣಿಸಿದಳು. ಉಂಡ ಮೇಲೆ ಮಗುವಿನ ಹೊಟ್ಟೆ ಮುಟ್ಟಿ ಮುಟ್ಟಿ ನೋಡುತ್ತ ಕೂರುವುದು ಅವಳ ರೂಢಿಯಾಗಿಬಿಟ್ಟಿತ್ತು. ಅಂದು ಕೂರಲಿಲ್ಲ. ಮಗುವಿನ ಪಕ್ಕ ಸುಮ್ಮನೆ ಒರಗಿದಳು, ಹಾಗೆಯೇ ನಿದ್ದೆ ಹೋದಳು. ಸೊಸೆ ಬಂದು ಎಬ್ಬಿಸುವಾಗ ಸಂಜೆಯಾಗಿತ್ತು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯ ಪೈಪಿಗೆ ಎಷ್ಟು ವಯಸ್ಸೆಂದು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ನಾಳೆ ಬೆಳಗ್ಗೆ ಮೊದಲು ಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ನೀರು ಬರುವ ಹೊತ್ತಿನಲ್ಲಿ ನಲ್ಲಿಗಳನ್ನೆಲ್ಲ, ಟ್ಯಾಂಕಿಗೆ ಹೋಗುವುದನ್ನೂ ಮುಚ್ಚಿ ಮೀಟರು ಓಡುತ್ತಿದೆಯೇ ನೋಡಿ. ಇಷ್ಟಕ್ಕೆ ಯಾವ ಖರ್ಚೂ ಇಲ್ಲ. ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ನಂಬಬೇಡಿ, ಪರೀಕ್ಷೆಗೆ ಕೊಡಿ. ಪೈಪು ಹೋಗಿದ್ದರೆ ಮೂವರನ್ನು ಕೇಳಿ, ಗೋಡೆ ಮುಚ್ಚುವ ಖರ್ಚನ್ನೂ ಸೇರಿಸಿ ಬರೆಸಿಕೊಳ್ಳಿ, ಒಂದೇ ಸಲ ಆಗದಿದ್ದರೆ ಅಡುಗೆಮನೆಯಿಂದ ಶುರು ಮಾಡಿ. ಅಲ್ಲಿಯವರೆಗೆ ನೀರು ಕುದಿಸಿ. ನಿಮ್ಮ ಮನೆಯಲ್ಲೂ ಒಂದು ಮಗು ಇದೆ, ಇಲ್ಲವೇ ಮಗುವಿನ ಹಾಗೆ ನೋಡಿಕೊಳ್ಳಬೇಕಾದ ಹಿರಿಯರಿದ್ದಾರೆ. ಅವರು ನೀರು ಎಲ್ಲಿಂದ ಬಂತೆಂದು ಕೇಳುವುದಿಲ್ಲ, ನೀವು ಕೊಟ್ಟದ್ದನ್ನು ಕುಡಿಯುತ್ತಾರೆ.