ಅತ್ತಿಗೆ ಹಾಕಿದ ಕುರ್ಚಿ

ನಮ್ಮ ಅತ್ತಿಗೆ ಯಾರನ್ನೂ ಅವರವರ ಇಷ್ಟಕ್ಕೆ ಕೂರಲು ಬಿಡುವವರಲ್ಲ. ಮದುವೆಯಾಗಲಿ, ಸಾವಿನ ಮನೆಯಾಗಲಿ, ಬಂದವರನ್ನು ಬಾಗಿಲಲ್ಲೇ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ಅದಿರ್ಲಿ, ನೀವು ಇಲ್ಲಿ ಬನ್ನಿ" ಎಂದು ಮೊಣಕೈ ಹಿಡಿದು ನಡೆಸಿಕೊಂಡು ಹೋಗಿ, ತಮಗೆ ಸರಿಕಂಡ ಕುರ್ಚಿಯಲ್ಲಿ ಕೂರಿಸಿದ ಮೇಲೆಯೇ ಕೈ ಬಿಡುತ್ತಾರೆ. ಎದುರಿನವರು ಏನೂ ಹೇಳದಿದ್ದರೂ "ಅದಿರ್ಲಿ" ಎಂದೇ ಅವರ ಮಾತಿನ ಶ್ರೀಕಾರ. ಒಂದು ಕಾಲು ತುಸು ಗಿಡ್ಡವಾದ್ದರಿಂದ ಕುರ್ಚಿಗಳ ಬೆನ್ನು ಹಿಡಿಹಿಡಿದು ಸಾಗುವ ನಡಿಗೆ. ಬೇಸಿಗೆಯಲ್ಲೂ ಮೈಬಿಡದ ಬೂದುಬಣ್ಣದ ಸ್ವೆಟರು. ಅದರ ಜೋತುಬಿದ್ದ ಬಲಜೇಬಿನ ತುಂಬ, ಅಳುವವರಿಗೆಂದು ಮಡಿಸಿಟ್ಟ ಕರವಸ್ತ್ರಗಳು. ಇಂಥ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡಲು ಏನಿದೆ ಎಂದು ನೀವು ಕೇಳಬಹುದು. ಇದೆ ಸ್ವಾಮಿ, ಬೇಕಾದಷ್ಟಿದೆ.

ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಸರದಿಯಂತೆ ಒಳಗೆ ಕಳಿಸುವುದು ಅವರ ಕೆಲಸ. ದವಡೆಯ ನೋವಿಗೆಂದು ಒಮ್ಮೆ ಅಲ್ಲಿಗೆ ಹೋದಾಗ ಕಣ್ಣಾರೆ ಕಂಡೆ: ಭಯದಿಂದ ಬೆವರುತ್ತಿದ್ದವನೊಬ್ಬನನ್ನು ಅತ್ತಿಗೆ, ಆಗಷ್ಟೇ ಹಲ್ಲು ಕೀಳಿಸಿಕೊಂಡು ಹತ್ತಿ ಕಚ್ಚಿ ಕೂತಿದ್ದ ಮುದುಕರ ಪಕ್ಕಕ್ಕೇ ಕೂರಿಸಿದರು. ಇದೆಂಥ ನಿರ್ದಯೆ ಎಂದು ಕೇಳಿದೆ. "ಅದಿರ್ಲಿ ಮೈದುನ್ರೇ, ಹೆದರಿದೋನ ಪಕ್ಕ ಬುದ್ಧಿ ಹೇಳೋರು ಇರ್ಬಾರ್ದು. ಬಾಯಿ ಬಿಡಕ್ಕೆ ಆಗ್ದೆ ಇರೋರು ಇರ್ಬೇಕು. ಆಗ ಅವನೇ ಎಲ್ಲಾ ಹೇಳ್ಕೊಂಡು ಹಗುರ ಆಗ್ತಾನೆ" ಎಂದರು. ಹಾಗೇ ಆಯಿತು. ತಲೆಯಾಡಿಸದೆ ಬೇರೆ ದಾರಿಯಿಲ್ಲದ ಆ ಮುದುಕರಿಗೆ ಅವನು ತನ್ನ ಹಲ್ಲಿನ ಪುರಾಣವನ್ನೆಲ್ಲ ಒಪ್ಪಿಸಿ, ಸರದಿ ಬಂದಾಗ ನಗುತ್ತಲೇ ಎದ್ದು ಹೋದ.

ಆ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲೇ ನಮ್ಮ ವಾರದ ಪ್ರಾರ್ಥನಾಸಭೆ. ಪ್ರಾರ್ಥನೆಯ ನಂತರ ಉಪನ್ಯಾಸ ಮಾಡುವವನು ನಾನು; ಕುರ್ಚಿ ಹಾಕಿ ಜನರನ್ನು ಕೂರಿಸುವವರು ಅತ್ತಿಗೆ. ವಾರವಿಡೀ ಓದಿ, ತಿದ್ದಿ, ಕನ್ನಡಿಯೆದುರು ನಿಂತು ತೂಗಿನೋಡಿದ ನನ್ನ ಮಾತುಗಳಿಗಾಗಿಯೇ ಸಭೆ ತುಂಬುತ್ತದೆಂದು ನಾನು ನಂಬಿದ್ದೆ. ಒಂದು ಸಂಜೆ, ಹೆಂಡತಿಯನ್ನು ಕಳೆದುಕೊಂಡಿದ್ದ ನಿವೃತ್ತ ಬಸ್ ಡ್ರೈವರೊಬ್ಬರು ಕಣ್ಣೊರೆಸಿಕೊಳ್ಳುತ್ತ ಬಂದು, "ಇವತ್ತು ಮನಸ್ಸಿಗೆ ಎಷ್ಟು ಸಮಾಧಾನ ಆಯ್ತು ಸಾರ್" ಎಂದರು. ನಾನು ಉಬ್ಬಿಹೋಗಿ, ಯಾವ ಮಾತಿನಿಂದ ಎಂದು ಕೇಳಿಬಿಟ್ಟೆ. ಅವರು ತಬ್ಬಿಬ್ಬಾದರು. "ಮಾತು ಅಂದ್ರೆ... ಪಕ್ಕದಲ್ಲಿ ಕೂತಿದ್ರಲ್ಲ, ಅವರೂ ತೀರ್ಕೊಂಡ ಹೆಂಡ್ತಿ ಕನ್ನಡಕಾನ ದಿನಾ ಒರೆಸಿಡ್ತಾರಂತೆ. ನಾನೊಬ್ನೇ ಹುಚ್ಚ ಅಂದ್ಕೊಂಡಿದ್ದೆ." ಅವರ ಕೈಯಲ್ಲಿದ್ದದ್ದು ಅತ್ತಿಗೆಯ ಕರವಸ್ತ್ರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ!

ಪ್ರತಿ ಜೀವಕ್ಕೂ ಭಗವಂತ ಒಂದು ಗುಪ್ತಶಕ್ತಿಯನ್ನು ಕೊಟ್ಟೇ ಕಳಿಸಿರುತ್ತಾನೆ, ಅದನ್ನು ಗುರುತಿಸಿಕೊಳ್ಳುವುದೇ ನಿಜವಾದ ಆರಾಧನೆ ಎಂಬುದು ಆ ವರ್ಷ ನಾನು ತಿಂಗಳುಗಟ್ಟಲೆ ಎಳೆದ ವಿಷಯ. ಸಭೆಯಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮ ಶಕ್ತಿ ಯಾವುದು ಎಂದು ಕೇಳುತ್ತಿದ್ದೆ. ಒಬ್ಬರು ಕಂಠವೆಂದರು, ಇನ್ನೊಬ್ಬರು ತಾಳ್ಮೆಯೆಂದರು. ಅತ್ತಿಗೆಯ ಸರದಿ ಬಂದಾಗ ಅವರು ಸ್ವೆಟರಿನ ಗುಂಡಿ ತಿರುವುತ್ತ, "ಅದಿರ್ಲಿ, ನಂಗೇನಿಲ್ಲಪ್ಪ. ದೇವ್ರು ಹಂಚೋವಾಗ ನಾನೆಲ್ಲೋ ಕುರ್ಚಿ ಎತ್ತಿಡ್ತಿದ್ದೆ ಅನ್ಸತ್ತೆ" ಎಂದರು. ಸಭೆಗೆ ಸಭೆಯೇ ನಕ್ಕಿತು. ನನ್ನ ಯಾವ ಹಾಸ್ಯಕ್ಕೂ ಹಾಗೆ ನಕ್ಕಿರಲಿಲ್ಲ. ಇವರಲ್ಲಿ ಏನಿದೆಯೆಂದು ಆ ಕೋಣೆಯಲ್ಲಿ ಸ್ಪಷ್ಟವಾಗಿ ಗೊತ್ತಿದ್ದವನು ನಾನೊಬ್ಬನೇ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನಾನು ಮುಂದಿನವರ ಕಡೆ ತಿರುಗಿದೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನನ್ನ ಮಗ ಕಾಲೇಜಿನ ಓದು ಬಿಟ್ಟು ಲಿಫ್ಟ್ ರಿಪೇರಿಗೆ ಸೇರಿದಂದಿನಿಂದ, ನಮ್ಮಿಬ್ಬರ ನಡುವೆ "ಬೀಗದ ಕೈ ಎಲ್ಲಿ", "ದೀಪ ಆರಿಸು" ಎಂಬುದರಾಚೆ ಮಾತು ನಿಂತುಹೋಗಿತ್ತು. ಅವನ ಮನಸ್ಸು ಕರಗಿಸುವಂಥ ಒಂದೇ ಒಂದು ಮಾತು ಕೊಡಪ್ಪಾ ಎಂದು ನಾನು ದೇವರಲ್ಲಿ ಬೇಡದ ದಿನವಿಲ್ಲ. ಅವನು ಸಭೆಗೇನೋ ಬರುತ್ತಿದ್ದ. ಅತ್ತಿಗೆ ಅವನನ್ನು ಕಂಬದ ಮರೆಗೆ ಕೂರಿಸುತ್ತಿದ್ದರು. ನಾನು ವೇದಿಕೆಯಿಂದ ಇಳಿಯುವಷ್ಟರಲ್ಲಿ ಅವನಿರುತ್ತಿರಲಿಲ್ಲ. ಒಂದು ದಿನ ಮರೆತ ಛತ್ರಿಗೆಂದು ಹಿಂತಿರುಗಿದಾಗ, ಅವನು ಅತ್ತಿಗೆಯೊಡನೆ ಕುರ್ಚಿ ಮಡಿಸುತ್ತ ಬಿದ್ದು ಬಿದ್ದು ನಗುತ್ತಿದ್ದ. ನನ್ನನ್ನು ಕಂಡೊಡನೆ ನಗು ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು. ಹೆತ್ತವನು ನಾನು, ನಗು ಅವರ ಪಾಲಿಗೆ!

ಮುಂದಿನ ವಾರ ನಾನು ಪ್ರತಿ ಕುರ್ಚಿಯ ಬೆನ್ನಿಗೂ ಸಂಖ್ಯೆ ಅಂಟಿಸಿ, ಬಂದವರು ಬಂದ ಕ್ರಮದಲ್ಲೇ ಕೂರಬೇಕೆಂಬ ಶಿಸ್ತು ತಂದೆ. ಅತ್ತಿಗೆ ಸಂಖ್ಯೆಗಳನ್ನೊಮ್ಮೆ ಬೆರಳಲ್ಲಿ ಸವರಿ, "ಅದಿರ್ಲಿ, ಚೆನ್ನಾಗಿ ಅಂಟಿಸಿದೀರಿ" ಎಂದರು, ಅಷ್ಟೇ. ಜನ ಸಂಖ್ಯೆಯಂತೆ ಕೂತರು, ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದವಾಗಿ ಕೇಳಿದರು, ಎದ್ದು ಹೋದರು. ಡ್ರೈವರು ಬರುವುದು ನಿಂತಿತು. ಮಗನೂ ಬರಲಿಲ್ಲ.

ಆಮೇಲೆ ನನ್ನ ಗಂಟಲು ಕೈಕೊಟ್ಟಿತು. ಒಂದು ತಿಂಗಳು ಪಿಸುಮಾತೂ ಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ನಾನು ಬರೆದುಕೊಟ್ಟ ಉಪನ್ಯಾಸವನ್ನು ಬೇರೆ ಯಾರೋ ಓದುವುದೆಂದಾಯಿತು. ಸಭೆಗೆ ಹೋಗಿ ನೋಡುತ್ತೇನೆ, ಕೂರಲು ಜಾಗವಿಲ್ಲ. ಎಲ್ಲರಿಗೂ ಸಂಖ್ಯೆ ಅಂಟಿಸಿದವನು, ವೇದಿಕೆಯ ಮೇಲೇ ಇರುತ್ತೇನೆಂಬ ಜಂಬದಲ್ಲಿ ನನಗೊಂದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಗೋಡೆಗೊರಗಿ ನಿಂತಿದ್ದಾಗ, ಅತ್ತಿಗೆ ಕೆಳಗಿನ ಕ್ಲಿನಿಕ್ಕಿನಿಂದ ಒಂದು ಕುರ್ಚಿಯನ್ನು ಕುಂಟುತ್ತ ಎಳೆದು ತಂದು ಕಂಬದ ಪಕ್ಕ ಹಾಕಿದರು. "ಅದಿರ್ಲಿ, ನೀವು ಇಲ್ಲಿ ಬನ್ನಿ." ಮೊಣಕೈ ಹಿಡಿದರು. ಕಂಬದ ಮರೆಯಲ್ಲಿ ನನ್ನ ಮಗ ಕೂತಿದ್ದ.

ಅವನು ನನ್ನ ಕಡೆ ಬಗ್ಗಿ, "ಇವತ್ತು ನಿಮ್ಮಪ್ಪ ಮಾತಾಡಲ್ಲ, ಬಾ ಅಂದ್ರು ದೊಡ್ಡಮ್ಮ" ಎಂದ. ಎದೆಗೆ ಸರಿಯಾಗಿಯೇ ನಾಟಿತು. ಉತ್ತರ ನಾಲಗೆಯ ತುದಿಗೆ ಬಂದಿತ್ತು, ಬಹಳ ಒಳ್ಳೆಯ ಉತ್ತರ, ಹೇಳುವಂತಿರಲಿಲ್ಲ. ತಲೆಯಾಡಿಸಿದೆ. ಅವನು ಇನ್ನಷ್ಟು ಬಗ್ಗಿ, "ಮೊದಲ್ನೇ ದಿನ ಲಿಫ್ಟಿನ ಗುಂಡಿಗೆ ಇಳಿದಾಗ ಕಾಲು ನಡುಗಿಬಿಟ್ಟಿತ್ತಪ್ಪ. ಮನೆಗೆ ಬಂದು ನಿಮಗೇ ಹೇಳ್ಬೇಕು ಅಂತಿದ್ದೆ" ಎಂದ. ಮತ್ತೆ ತಲೆಯಾಡಿಸಿದೆ. ನನ್ನ ಉಪನ್ಯಾಸ ಮುಗಿಯುವವರೆಗೂ ಅವನು ಹೇಳುತ್ತಲೇ ಇದ್ದ. ಹತ್ತಿ ಕಚ್ಚಿದ ಆ ಮುದುಕರು ಆಗ ನೆನಪಾದರು. ಆ ಸಂಜೆ ಹೆದರಿದವನು ಯಾರು, ಬಾಯಿ ಬಿಡಲಾಗದವನು ಯಾರು ಎಂದು ಅತ್ತಿಗೆ ನೋಡಿಯೇ ಕೂರಿಸಿದ್ದರು. ವರ್ಷಗಟ್ಟಲೆ ನಾನು ಮಾತು ಬೇಡಿದ್ದೆ. ದೇವರು ನನ್ನ ಮಾತನ್ನು ಕಸಿದುಕೊಂಡು, ಅತ್ತಿಗೆಯ ಕೈಲಿ ಒಂದು ಕುರ್ಚಿ ಹಾಕಿಸಿದ. ಆ ದೇವರು ಅದನ್ನು ನನ್ನ ಕೈಲೇ ಹಾಕಿಸಬಾರದಿತ್ತೇ ಎಂದು, ಕಣ್ಣೊರೆಸಿಕೊಳ್ಳುತ್ತಲೂ ನನಗೆ ಹೊಟ್ಟೆ ಉರಿಯಿತು. ಒರೆಸಿಕೊಂಡದ್ದು ಅವರದೇ ಕರವಸ್ತ್ರದಲ್ಲಿ.

ಇಂಥವರ ಶಕ್ತಿ ಅವರ ಬೆನ್ನಿನ ಹಾಗೆ, ಅವರಿಗೇ ಕಾಣುವುದಿಲ್ಲ. ಪ್ರೀತಿಸುವವರು ಅವರ ಮುಖ ನೋಡಿ ತೃಪ್ತರಾಗುತ್ತಾರೆ. ಹಿಂದಿನಿಂದ ಉರಿಯುತ್ತ ಬರುವವನ ಕಣ್ಣಿಗೇ ಆ ಬೆನ್ನು ಬೀಳುವುದು. ಹಾಗಾದರೆ ಭಗವಂತ ಇಂಥವರ ಹಿಂದೆ ನಮ್ಮಂಥವರನ್ನು ಬೇಕೆಂದೇ ನಡೆಸುತ್ತಾನೇನೋ; ಉರಿದುಕೊಂಡಾದರೂ ಸರಿ, ಕಂಡದ್ದನ್ನು ಅವರಿಗೆ ಹೇಳಲಿ ಎಂದು. ಗಂಟಲು ಸರಿಹೋದ ದಿನ ನಾನು ಅತ್ತಿಗೆಗೆ ಆಡಿದ ಮೊದಲ ಮಾತು ಅದೇ: ಯಾರ ಪಕ್ಕ ಯಾರು ಕೂರಬೇಕೆಂದು ಕಾಣುವ ಕಣ್ಣೇ ದೇವರು ನಿಮಗೆ ಹಂಚಿದ್ದು ಎಂದು. ಅತ್ತಿಗೆ ಕೇಳಿಸಿಕೊಂಡರು, ಸ್ವೆಟರಿನ ಗುಂಡಿ ತಿರುವಿದರು. "ಅದಿರ್ಲಿ" ಎನ್ನಲು ಮಾತ್ರ, ಆ ಒಂದು ಸಲ, ಅವರಿಗೆ ಬಾಯಿ ಬರಲಿಲ್ಲ.