‘ಟಿ’ ಅಂದರೆ ಎಷ್ಟು ಹೊತ್ತು

ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತಾರೆ. ಶುದ್ಧ ಸುಳ್ಳು! ಆ ಸಾಫ್ಟ್‌ವೇರ್ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುವವರಿಗೆ ಕಿಟಕಿ ಪಕ್ಕದ ಕುರ್ಚಿ. ಅದನ್ನು ಹೇಗೆ ಬಳಸಬೇಕು ಅಂತ ಬರೆದು ಲೋಕಕ್ಕೆ ಬಡಿಸುವವಳಿಗೆ ಝೆರಾಕ್ಸ್ ಮೆಷೀನಿನ ಹಿಂದಿನ ಮೂಲೆ. ಅವಳನ್ನು ಎಲ್ಲರೂ ಕೈಪಿಡಿ ಮೇಡಂ ಅಂತಿದ್ದರು. ಐವತ್ತು ದಾಟಿದ ಒಂಟಿ ಜೀವ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಆಗೊಮ್ಮೆ ಈಗೊಮ್ಮೆ ತಂಗಿ ಫೋನ್ ಮಾಡುತ್ತಿದ್ದಳು. ಮಾಡಿದರೆ ಮಾತೆಲ್ಲ ತಂಗಿಯದೇ, ಇವಳ ಪಾಲಿಗೆ ಬರೀ ಹೂಂ.

ಕೈಪಿಡಿಯ ಪ್ರತಿ ಪುಟದ ಕೆಳಗೂ ‘ಸಂದೇಹವಿದ್ದರೆ ಕೇಳಿ’ ಅಂತ ಅವಳ ಮೇಜಿನ ಫೋನ್ ನಂಬರ್ ಇತ್ತು. ಯಾರೂ ಕೇಳುತ್ತಿರಲಿಲ್ಲ. ಕೇಳಿದವರು ಒಬ್ಬರೇ, ನೀರು ಸರಬರಾಜಿನ ಪಂಪ್‌ಹೌಸ್ ನೋಡಿಕೊಳ್ಳುತ್ತಿದ್ದವರು. ಟ್ಯಾಂಕಿನ ಸೆನ್ಸರಿಗೂ ಪಂಪಿಗೂ ಮಾತುಕತೆ ಮಾಡಿಸುವ ಸಣ್ಣ ಪ್ರೋಗ್ರಾಂ ಅವರೇ ಬರೆದುಕೊಂಡಿದ್ದರು. ಅದರಲ್ಲಿ ಈ ಕಚೇರಿಯವರು ಬರೆದುಕೊಟ್ಟ ಒಂದು ಕಾಯುವ ಫಂಕ್ಷನ್, ಅಂದರೆ ಕಾಯುವುದಷ್ಟೇ ಕೆಲಸವಾದ ಪ್ರೋಗ್ರಾಂ ತುಣುಕು. ಸೆನ್ಸರ್ ಉತ್ತರ ಕೊಡುವ ತನಕ ಎಷ್ಟು ಹೊತ್ತು ಕಾಯಬೇಕು ಅಂತ ಅದಕ್ಕೆ ಒಂದು ಅಂಕಿ ಕೊಡಬೇಕು. ಆ ಅಂಕಿಯ ಹೆಸರು ‘ಟಿ’. ಕೈಪಿಡಿಯಲ್ಲಿ ಇದ್ದದ್ದು ಇಷ್ಟೇ: ‘ಟಿ: ಕಾಯುವ ಸಮಯ.’

“ಮೇಡಂ, ಈ ‘ಟಿ’ ಸೆಕೆಂಡೋ, ಮಿಲಿಸೆಕೆಂಡೋ?” ಅಂತ ಅವರು ಮೊದಲ ಸಲ ಕೇಳಿದ್ದು.

“ಮಿಲಿಸೆಕೆಂಡು.”

“ಸೊನ್ನೆ ಕೊಟ್ರೆ?”

“ಕಾಯೋದೇ ಇಲ್ಲ. ಇಣುಕಿ ನೋಡಿ ವಾಪಸ್ ಬಂದ್ಬಿಡುತ್ತೆ.”

“ಮೈನಸ್ ಒಂದು ಕೊಟ್ರೆ?”

“ಉತ್ತರ ಬರೋವರೆಗೂ ಕಾಯ್ತಾನೇ ಇರುತ್ತೆ.”

“ಅಯ್ಯೋ ಪಾಪ! ಉತ್ತರ ಬರದೇ ಇದ್ರೆ?”

“ಬರದೇ ಇದ್ರೂ.”

ಇಬ್ಬರೂ ನಕ್ಕರು. ಕಚೇರಿಯ ಫೋನಿನಲ್ಲಿ ತಾನು ನಕ್ಕಿದ್ದು ಅವಳಿಗೇ ಆಶ್ಚರ್ಯವಾಯಿತು.

ಆಮೇಲೆ ಫೋನ್ ಬರುತ್ತಲೇ ಇತ್ತು. ಕೈಪಿಡಿಯ ಇನ್ನೊಂದು ಪುಟದ ‘ಎನ್’ ಅಂದರೆ ಅಕ್ಷರಗಳ ಲೆಕ್ಕವೋ, ಬೈಟುಗಳ ಲೆಕ್ಕವೋ? ‘ಎ’, ‘ಬಿ’ ಎರಡರಲ್ಲಿ ಯಾವುದರಿಂದ ಯಾವುದಕ್ಕೆ ನಕಲಾಗುತ್ತೆ? ಪ್ರಶ್ನೆಗೆ ಮುಂಚೆ “ಊಟ ಆಯ್ತಾ ಮೇಡಂ?”, ಪ್ರಶ್ನೆ ಮುಗಿದ ಮೇಲೆ ಅವರ ಮೊಣಕಾಲು ನೋವಿನ ಪುರಾಣ, ಹಿಂದುಗಡೆ ಪಂಪಿನ ಗುಂಯ್ ಸದ್ದು. ಅವಳೂ ಮಾತಾಡುತ್ತಿದ್ದಳು. ಪಕ್ಕದ ಮನೆಯವರು ಸದ್ದಿಲ್ಲದೆ ಖಾಲಿ ಮಾಡಿಕೊಂಡು ಹೋದದ್ದು, ಹಲ್ಲುನೋವು, ಏನೇನೋ. ಫೋನ್ ಬಂದ ದಿನ ಮನೆಗೆ ನಡೆದೇ ಹೋಗುತ್ತಿದ್ದಳು, ಬಸ್ಸಿನ ನೆನಪೇ ಇರುತ್ತಿರಲಿಲ್ಲ.

ಆ ‘ಟಿ’ಯ ಪಕ್ಕ ‘ಮಿಲಿಸೆಕೆಂಡು’ ಅಂತ ಒಂದು ಮಾತು ಸೇರಿಸಬೇಕಿತ್ತು. ಸೇರಿಸಲಿಲ್ಲ. ನಾಳೆ ನೋಡೋಣ ಅಂದಳು, ಆ ನಾಳೆ ಬರಲೇ ಇಲ್ಲ. ಪುಟದಲ್ಲೇ ಎಲ್ಲ ಇದ್ದರೆ ಆ ಮನುಷ್ಯನಿಗೆ ಕೇಳುವುದಕ್ಕೆ ಏನಿರುತ್ತೆ? ಥೂ, ಇದೂ ಒಂದು ಆಸೆಯೇ ಅಂತ ನೀವು ಮೂಗು ಮುರಿಯಬಹುದು. ಮುರೀರಿ. ಮನೆ ತುಂಬ ಜನ ಇರುವವರಿಗೆ ಇದೆಲ್ಲ ಅರ್ಥವಾಗುವುದಿಲ್ಲ.

ಮೊಣಕಾಲಿನ ಆಪರೇಷನ್ನಿಗೆ ಅಂತ ಅವರು ರಜ ಹಾಕಿದರು. ಬದಲಿಗೆ ಬಂದ ಹೆಂಗಸು ಪಾಪ ಕೈಪಿಡಿ ಓದಿಯೇ ಕೆಲಸ ಮಾಡಿದಳು. ಸಮಯ ಅಂದರೆ ಸೆಕೆಂಡು ತಾನೇ ಅಂದುಕೊಂಡು, ಇದ್ದ ದೊಡ್ಡ ಅಂಕಿ ತಪ್ಪಿರಬೇಕು ಅಂತ ತೆಗೆದು ಹತ್ತು ಹಾಕಿದಳು. ಸೆನ್ಸರ್ ಬಾಯಿ ಬಿಡುವ ಮೊದಲೇ, ಸೆಕೆಂಡಿನ ನೂರನೇ ಒಂದು ಪಾಲಿನಲ್ಲೇ ಪ್ರೋಗ್ರಾಂ ಕಾದು ಮುಗಿಸಿ, ಉತ್ತರವಿಲ್ಲ ಅಂತ ಪಂಪ್ ನಿಲ್ಲಿಸಿಬಿಟ್ಟಿತು. ಚಾಲೂ ಮಾಡಿದಷ್ಟು ಸಲವೂ ನಿಂತಿತು. ಅರ್ಧ ಊರಿನ ನಲ್ಲಿ ಒಣಗಿತು. ಬೈಗುಳವೆಲ್ಲ ಆ ಹೆಂಗಸಿನ ತಲೆಗೆ.

ವಾಪಸ್ ಬಂದ ಮೇಲೆ ಪಂಪ್‌ಹೌಸಿನವರು ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

“ಆಯಮ್ಮನದು ತಪ್ಪಿಲ್ಲ ಮೇಡಂ. ಅವರ ಕೆಲಸ ಹೋಗೋ ಹಾಗಿತ್ತು, ನಾನೇ ಹೇಳಿ ಉಳಿಸಿದೆ. ನಾನೇನೋ ಫೋನ್ ಮಾಡಿ ಕೇಳ್ತೀನಿ, ಎಲ್ಲರೂ ಕೇಳಲ್ಲ. ನಂಗೆ ಬಾಯಲ್ಲಿ ಹೇಳಿದ್ದನ್ನ ಪುಟದಲ್ಲೂ ಬರೆದುಬಿಡಿ.”

ಅವಳು ಫೋನಿಟ್ಟು ಎದ್ದು ಕಿಟಕಿ ಪಕ್ಕಕ್ಕೆ ಹೋದಳು. ಅಲ್ಲಿ ಕೂರುತ್ತಿದ್ದ ಪ್ರೋಗ್ರಾಂಕಾರನನ್ನು ಎಲ್ಲರೂ ಬೆನ್ನ ಹಿಂದೆ ‘ಒಂದಕ್ಷರ’ ಅಂತ ಕರೆಯುತ್ತಿದ್ದರು. ಆ ‘ಟಿ’, ‘ಎನ್’, ‘ಎ’, ‘ಬಿ’ ಎಲ್ಲ ಅವನ ಸಂತಾನವೇ. ಪಂಪ್ ನಿಂತ ಕಥೆ ಹೇಳಿ, ಹೆಸರು ಬದಲಾಯಿಸಿ ಅಂದಳು.

“ಓದೋಕೆ ಬರದೇ ಇರೋರು ಹೀಗೇ ಮೇಡಂ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಅಂದ ಅವನು.

“ನೆಲ ನಿಜವಾಗ್ಲೂ ಡೊಂಕಾಗಿದೆಯಪ್ಪಾ. ನಿಮ್ಮ ಮಗಳಿಗೂ ‘ಟಿ’ ಅಂತಲೇ ಹೆಸರಿಟ್ಟಿದ್ದೀರಾ?”

ಸುತ್ತಲಿನವರು ಗೊಳ್ಳೆಂದರು. ಅವನ ಮುಖ ಸುಟ್ಟ ಬದನೆಕಾಯಿಯ ಹಾಗಾಯಿತು. ಒಳಗಿನ ಹೆಸರು ಬದಲಾಯಿಸಿದರೆ ಬಳಸುವವರ ಪ್ರೋಗ್ರಾಂ ಕೆಡುವುದಿಲ್ಲ, ಅಂಕಿಗಳು ಅದೇ ಕ್ರಮದಲ್ಲಿದ್ದರೆ ಸಾಕು ಅಂತ ಅವಳು ನೆನಪಿಸಿದಳು. ಅವನು ಗೊಣಗುತ್ತಾ ಒಪ್ಪಿದ.

‘ಟಿ’ ಹೋಗಿ ‘ಕಾಯುವ ಮಿಲಿಸೆಕೆಂಡು’ ಬಂತು. ಸೊನ್ನೆ ಕೊಟ್ಟರೆ ಏನು, ಮೈನಸ್ ಒಂದು ಕೊಟ್ಟರೆ ಏನು ಅಂತ ಕೆಳಗೆ ಬರೆದಳು. ‘ಎ’, ‘ಬಿ’ ಹೋಗಿ ‘ಎಲ್ಲಿಂದ’, ‘ಎಲ್ಲಿಗೆ’ ಬಂದವು. ‘ಎನ್’ ಇದ್ದಲ್ಲಿ ‘ಬೈಟುಗಳ ಲೆಕ್ಕ’ ಬಂತು. ಒಂದೊಂದು ಹೆಸರು ಬಿಡಿಸಿ ಬರೆಯುವಾಗಲೂ ಅವರ ಒಂದೊಂದು ಫೋನು ನೆನಪಾಗುತ್ತಿತ್ತು. ಅಳು ಬಂತು, ಕಣ್ಣೊರೆಸಿಕೊಂಡು ಮುಂದಿನ ಪುಟ ತೆಗೆದಳು. ಆಸೆಗೆ ಬಿದ್ದು ಒಂದನ್ನಾದರೂ ಹಾಗೇ ಬಿಟ್ಟುಬಿಡಲೇ ಅನ್ನಿಸಿತು. ಬಿಡಲಿಲ್ಲ.

ಹೊಸ ಕೈಪಿಡಿ ಹೋದ ಮೇಲೆ ಫೋನ್ ಬರಲೇ ಇಲ್ಲ. ಮಧ್ಯೆ ರಿಸೀವರ್ ಎತ್ತಿ ಲೈನ್ ಇದೆಯಾ ಅಂತ ನೋಡಿದಳು. ಚೆನ್ನಾಗಿಯೇ ಇತ್ತು, ದರಿದ್ರದ್ದು. ಕೊನೆಗೊಂದು ಸಂಜೆ ಬಂತು.

“ಶಭಾಷ್ ಮೇಡಂ! ಮೊದಲಿಂದ ಕೊನೆವರೆಗೂ ಓದಿದೆ. ಸುಲಿದ ಬಾಳೆಹಣ್ಣಿನ ಹಾಗೆ ಬರೆದಿದ್ದೀರಿ. ಇನ್ನು ಕೇಳೋಕೆ ಏನೂ ಉಳಿದಿಲ್ಲ, ನಿಮಗೂ ನನ್ನ ಕಾಟ ತಪ್ಪಿತು. ಅದನ್ನ ಹೇಳೋಣ ಅಂತ ಫೋನ್ ಮಾಡಿದೆ.”

“ಹಾಗಲ್ಲ…” ಅಂದಳು ಅವಳು. ಕೇಳುವುದು ಏನೂ ಇಲ್ಲದಿದ್ದರೂ ಫೋನ್ ಮಾಡಿ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು.

“ಏನೋ ಹೇಳೋಕೆ ಹೊರಟ್ರಿ?”

“ಏನಿಲ್ಲ.”

ಇಷ್ಟು ದಿನ ಒಂದೊಂದು ಅಕ್ಷರಕ್ಕೂ ಅರ್ಥ ಕೇಳಿದ್ದ ಮನುಷ್ಯ, ಆ ‘ಏನಿಲ್ಲ’ಕ್ಕೆ ಅರ್ಥ ಕೇಳಲಿಲ್ಲ. “ಸರಿ ಮೇಡಂ ಹಾಗಾದ್ರೆ,” ಅಂದು ಫೋನ್ ಇಟ್ಟರು.