ಮೇಲಿನ ಸರಳು

ಸೊಸೆ ಒಂದೇ ಅಂಗಿಗೆ ಮೂರನೆಯ ಸಲ ಇಸ್ತ್ರಿ ಹಾಕುತ್ತಿದ್ದಳು. ಕಾಲರ್ ಆಯಿತು, ತೋಳಾಯಿತು, ಬೆನ್ನಾಯಿತು, ಮತ್ತೆ ಕಾಲರಿಗೇ ಬಂದಳು. ಪಕ್ಕದ ಕೋಣೆಯಲ್ಲಿ ಮಾವನನ್ನು ಮಲಗಿಸಿದ್ದರು. ಅಂಗಿ ಮುಗಿದರೆ ಅದನ್ನು ಎತ್ತಿಕೊಂಡು ಅಲ್ಲಿಗೆ ಹೋಗಬೇಕು. ಹಾಗಾಗಿ ಅಂಗಿ ಮುಗಿಯುತ್ತಲೇ ಇರಲಿಲ್ಲ.

"ಏನೇ, ಅಂಗೀನ ಸುಟ್ಟು ಕೊಡ್ತೀಯೋ, ಹಾಗೇ ಕೊಡ್ತೀಯೋ?" ಮಾವನ ತಂಗಿ ಬಾಗಿಲಲ್ಲಿ ನಿಂತು ಕೇಳಿದಳು. ಅತ್ತೂ ಅತ್ತೂ ಅವಳ ದನಿ ಒಡೆದಿತ್ತು, ಆದರೆ ಜೋರು ಒಂದಿಷ್ಟೂ ತಗ್ಗಿರಲಿಲ್ಲ. "ಹನ್ನೊಂದಕ್ಕೆ ಗಾಡಿ ಬರುತ್ತೆ. ಅಣ್ಣನ್ನ ಬನಿಯನ್‌ನಲ್ಲಿ ಕಳಿಸೋಕಾಗುತ್ತಾ?"

"ತಗೊಳ್ಳಿ ಅತ್ತೆ. ನೀವೇ ಹಾಕಿಸಿಬಿಡಿ."

"ನೀನು ಬರಲ್ವಾ? ನಿನ್ನೆಯಿಂದ ಒಂದು ಸಲಾನೂ ಹತ್ತಿರ ಕೂತಿಲ್ಲ. ಜನ ನೋಡ್ತಾರೆ ಕಣೇ."

"ಬರ್ತೀನಿ. ಚಹಾಕ್ಕೆ ನೀರಿಟ್ಟಿದ್ದೀನಿ."

ಇಟ್ಟಿರಲಿಲ್ಲ. ಅತ್ತೆ ಅತ್ತ ತಿರುಗಿದ ಮೇಲೆ ಅಡುಗೆಮನೆಗೆ ಓಡಿಹೋಗಿ ಇಟ್ಟಳು.

ಜನ ನೋಡುವುದರ ಚಿಂತೆ ಅವಳಿಗಿರಲಿಲ್ಲ. ಮಾವ ನೋಡಿಯಾರು ಎಂಬುದೇ ಅವಳ ಭಯ. ಕಣ್ಣು ಮುಚ್ಚಿದವರು ನೋಡುತ್ತಾರೆಯೇ ಎಂದು ನೀವು ಕೇಳಬಹುದು. ಮೂರು ವರ್ಷ ಒಬ್ಬರ ಬೆನ್ನ ಹಿಂದೆ ಕಳ್ಳಾಟವಾಡಿ, ಅದು ಅವರಿಗೆ ಗೊತ್ತಾದ ದಿನವೇ ಅವರು ತೀರಿಕೊಂಡರೆ, ನಿಮಗೂ ಹಾಗೆಯೇ ಅನಿಸುತ್ತದೆ.

ಹೊರಗೆ ಜಗಲಿಯಲ್ಲಿ ಬಂದವರೆಲ್ಲ ಮಾವನ ಮಾತನ್ನೇ ಆಡುತ್ತಿದ್ದರು. ಬೀದಿಗೆಲ್ಲ ಅವರು ಚಿಲಕದಜ್ಜ. ಬಾಗಿಲ ಚಿಲಕವನ್ನು ಯಾರು ಬೇಕಾದರೂ ಹೊಡೆದಾರು, ಅಜ್ಜನದು ಕಿಟಕಿಯ ಉದ್ದ ಚಿಲಕ. ಕದದ ನಡುವೆ ಒಂದು ಹಿಡಿ. ಅದನ್ನು ತಿರುಗಿಸಿದರೆ ಒಂದು ಸರಳು ಮೇಲಕ್ಕೇರಿ ಚೌಕಟ್ಟಿನ ನೆತ್ತಿಯ ತೂತಿಗೆ ಹೋಗುತ್ತದೆ, ಇನ್ನೊಂದು ಅದೇ ಹೊತ್ತಿಗೆ ಕೆಳಗಿಳಿದು ಬುಡದ ತೂತಿನಲ್ಲಿ ಕೂರುತ್ತದೆ. ಹೇಳುವುದಕ್ಕೆ ಎರಡು ಮಾತು, ಮಾಡುವುದಕ್ಕೆ ಒಂದು ದಿನ. ಎಂಥ ಗಾಳಿಗೂ ಕದ ಅಲುಗಬಾರದು, ಆದರೆ ಮುದುಕಿಯ ಒಂದು ಬೆರಳಿಗೂ ತೆರೆಯಬೇಕು ಎನ್ನುವುದು ಅವರ ಹಟ. ಇನ್ನೊಂದು ಹಟ ಸ್ಕ್ರೂಗಳದು. ತಲೆಯ ಮೇಲಿನ ಗೀಟುಗಳೆಲ್ಲ ನೆಟ್ಟಗೆ ನಿಲ್ಲಬೇಕು, ಒಂದೂ ಓರೆಯಾಗಬಾರದು. ಅಡ್ಡ ಗೀಟಿನಲ್ಲಿ ಧೂಳು ಕೂರುತ್ತದೆ ಎಂದು ನೆಪ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಅದು ಅವರ ಜಂಬ.

"ನಮ್ಮನೇಲಿ ಆರು ಕಿಟಕಿ, ಆರೂ ಅಜ್ಜಂದೇ," ಎಂದ ಒಬ್ಬ.

"ಕಿಟಕಿ ಹಾಕ್ಕೋ ಅಂತ ಬೈದು ಹೋಗೋರು, ಮಾರನೇ ದಿನ ಯಾಕೆ ಹಾಕ್ಕೊಂಡಿದ್ದೀಯ, ಗಾಳಿ ಬೇಡ್ವಾ ಅಂತ ಬೈಯೋರು," ಎಂದ ಇನ್ನೊಬ್ಬ. ಎಲ್ಲರೂ ನಕ್ಕರು, ನಕ್ಕದ್ದಕ್ಕೆ ನಾಚಿ ಸುಮ್ಮನಾದರು.

*

ಮಾವನ ಬಲಗೈ ನಡುಗತೊಡಗಿದ್ದು ಮೂರು ವರ್ಷದ ಹಿಂದೆ. ಚಹಾದ ಲೋಟ ಬಸಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. "ಚಳಿ" ಎಂದರು. ಬೇಸಿಗೆ ಬಂದ ಮೇಲೂ ಅದನ್ನೇ ಹೇಳಿದರು.

ಅದಾಗಿ ಒಂದು ತಿಂಗಳಿಗೆ ಬೇಕರಿಯವನ ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ಸೊಸೆಯ ಕೈ ಹಿಡಿದುಕೊಂಡಳು. "ಅಜ್ಜ ಹಾಕಿದ ಚಿಲಕ ಬೀಳ್ತಾನೇ ಇಲ್ಲ ಕಣೇ. ಕದ ಇಡೀ ದಿನ ಪಟಪಟ ಅಂತಿದೆ. ಅವರಿಗೆ ಹೇಳೋಕೆ ಬಾಯಿ ಬರ್ತಿಲ್ಲ, ಬೇರೆಯವರನ್ನ ಕರೆಯೋಕೆ ಮನಸ್ಸಿಲ್ಲ."

ಸೊಸೆಗೆ ಆ ಕೆಲಸ ನೋಡಿ ಗೊತ್ತಿತ್ತು. ಮದುವೆಯಾಗಿ ಬಂದಾಗಿನಿಂದ ಮಾವ ಮುಂದಿನ ಕೋಣೆಯಲ್ಲಿ ಸರಳು ಉಜ್ಜುವಾಗೆಲ್ಲ ಅವಳು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು. ಗಂಡ ಬಸ್ಸಿನ ಡ್ರೈವರ್, ಅವನಿಗೆ ಚಿಲಕವೂ ಬೇಡ, ಕಿಟಕಿಯೂ ಬೇಡ. "ನಂಗೆ ಕಲಿಸಿ ಮಾವ" ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು. ಕೇಳಬಾರದ ಹೊತ್ತು, ಜಗಲಿಯಲ್ಲಿ ನಾಲ್ಕು ಜನ ಕೂತಿದ್ದರು. "ನಾನು ಬದುಕಿರೋವರೆಗೂ ಈ ಹತಾರದ ಚೀಲ ಇನ್ನೊಬ್ಬರ ಹೆಗಲಿಗೆ ಏರಲ್ಲ" ಎಂದುಬಿಟ್ಟರು ಮಾವ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿಯವರಲ್ಲ ಅವರು. ಅವಳೂ ಮತ್ತೆ ಕೇಳಲಿಲ್ಲ.

ಅವತ್ತು ಸೊಪ್ಪಿನ ಚೀಲದ ತಳದಲ್ಲಿ ಸ್ಕ್ರೂಡ್ರೈವರ್ ಇಟ್ಟುಕೊಂಡು ಬೇಕರಿಯವರ ಮನೆಗೆ ಹೋದಳು. ಸ್ಕ್ರೂ ಬಿಚ್ಚಿ, ಓರೆಯಾದ ಹಿಡಿಯನ್ನು ನೆಟ್ಟಗೆ ಮಾಡಿ, ಮತ್ತೆ ಬಿಗಿದಳು. ಗೀಟುಗಳನ್ನು ಮಾವನ ಹಾಗೆಯೇ ನಿಲ್ಲಿಸಿದಳು. ಅವರು ಎಂದಾದರೂ ಬಂದು ನೋಡಿದರೆ ತಮ್ಮ ಕೈ ಇನ್ನೂ ಚೆನ್ನಾಗಿದೆ ಅಂದುಕೊಳ್ಳಲಿ ಎಂದು ಅವಳ ಆಸೆ. "ದಯವಿಟ್ಟು ಹೇಳಬೇಡಿ" ಎಂದು ಕೈಮುಗಿದು ಬಂದಳು.

ಅಲ್ಲಿಂದ ಶುರುವಾಯಿತು. ಮಾವ ಹಗಲು ಹಾಕಿ ಬಂದದ್ದನ್ನು ಸೊಸೆ ಸಂಜೆ ಹೋಗಿ ಸರಿಮಾಡುವಳು. ವಿಚಿತ್ರವೆಂದರೆ ಒಂದು ಮನೆಯ ತಪ್ಪು ಇನ್ನೊಂದು ಮನೆಯಲ್ಲಿ ಇರುತ್ತಿರಲಿಲ್ಲ. ಒಂದು ಕಡೆ ಹಿಡಿ ತಿರುವುಮುರುವು, ಇನ್ನೊಂದು ಕಡೆ ಸರಳನ್ನು ಹಿಡಿಯುವ ಬಳೆ ಒಂದು ಗಾತ್ರ ದೊಡ್ಡದು, ಮತ್ತೊಂದು ಕಡೆ ಎಲ್ಲ ಸರಿಯಿದ್ದೂ ಕದವೇ ಸೊಟ್ಟ. ನಡುಗುವ ಕೈಗೆ ಇಷ್ಟು ಬಗೆಯ ತಪ್ಪು ಹೇಗೆ ಹೊಳೆಯುತ್ತದಪ್ಪಾ ಎಂದು ಅವಳು ಬೆರಗಾಗುತ್ತಿದ್ದಳು. ಬೆರಗಾಗುತ್ತಲೇ ಕಲಿತಳು. ಖುಷಿಯೂ ಪಟ್ಟಳು, ಆ ಖುಷಿಗೆ ನಾಚಿಕೆಯನ್ನೂ ಪಟ್ಟಳು.

*

ನಿನ್ನೆ ಬೆಳಿಗ್ಗೆ ಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಟೈಲರ್ ಮನೆ ಕಡೆ ಹೋಗಿಬರ್ತೀನಿ" ಎಂದಿದ್ದರು.

ಅವಳು ಹೊಸ್ತಿಲಿಗೆ ಓಡಿ ಬಂದಳು. ಟೈಲರ್ ಮನೆಯ ದೊಡ್ಡ ಕಿಟಕಿಯನ್ನು ಅವಳು ಸರಿಮಾಡಿ ಬಂದದ್ದು ಹಿಂದಿನ ಸಂಜೆಯಷ್ಟೇ. ಮೇಲಾಗಿ ಟೈಲರ್ ಎಂದರೆ ಬಾಯಲ್ಲಿ ಒಂದು ಕಡಲೆಕಾಳೂ ನೆನೆಯದ, ಗುಟ್ಟು ನಿಲ್ಲದ ಮನುಷ್ಯ.

"ಯಾಕೆ ಮಾವ, ಬಿಸಿಲು. ನಾಳೆ ಹೋಗಿ."

"ನಾಳೆ ಬಿಸಿಲು ಇರಲ್ವಾ?"

ಒಂದು ಗಂಟೆಗೆ ವಾಪಸ್ಸು ಬಂದರು. ಊಟಕ್ಕೆ ಕೂರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಸೆಯನ್ನು ಸುಮಾರು ಹೊತ್ತು ನೋಡಿದರು. ಕಣ್ಣು ಕೆಂಪಾಗಿತ್ತು. ಏನೋ ಹೇಳುವವರಂತೆ ಬಾಯಿ ತೆರೆದು ಮುಚ್ಚಿಕೊಂಡರು. "ಸ್ವಲ್ಪ ಮಲಗ್ತೀನಿ" ಎಂದಷ್ಟೇ ಹೇಳಿ ಹೋದರು. ನಾಲ್ಕು ಗಂಟೆಗೆ ಚಹಾ ತೆಗೆದುಕೊಂಡು ಹೋಗಿ ಎಬ್ಬಿಸಿದರೆ ಏಳಲಿಲ್ಲ.

ವಯಸ್ಸಾಗಿತ್ತು, ಹೃದಯ ನಿಂತಿದೆ ಎಂದರು ಡಾಕ್ಟರು. ಅವಳಿಗೆ ಮಾತ್ರ ನಿಂತದ್ದು ಯಾಕೆಂದು ಗೊತ್ತಿತ್ತು.

*

ಟೈಲರ್ ಬಂದದ್ದು ಹತ್ತೂವರೆಗೆ. ಸಣಕಲು ಮುದುಕ, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ತೆಗೆದಿಡುವುದನ್ನು ಮರೆತು ಬಂದಿದ್ದ. ಅವನ ದನಿ ಕೇಳಿದ್ದೇ ಸೊಸೆ ಅಡುಗೆಮನೆಯ ಬಾಗಿಲ ಮರೆಗೆ ಸರಿದಳು.

"ಅಣ್ಣ ಕೊನೇಗೆ ನಿಮ್ಮನೆಗೇ ಬಂದಿದ್ದನಂತಲ್ಲ," ಅತ್ತೆ ಎಲ್ಲರ ಮುಂದೆಯೇ ಕೇಳಿದಳು. "ಏನಾದ್ರೂ ಅಂದನಾ?"

ಟೈಲರ್ ಸುತ್ತ ನೋಡಿದ. ಬಾಗಿಲ ಮರೆಯಲ್ಲಿದ್ದ ಸೊಸೆಯ ಸೀರೆಯ ಅಂಚು ಕಂಡಿತು. "ಅಂದ್ರಮ್ಮ. ಸುಮಾರು ಅಂದ್ರು. ಮೊದಲು ಒಂದು ಲೋಟ ನೀರು ಕುಡಿದು ಬರ್ತೀನಿ" ಎಂದವನೇ ನೇರ ಅಡುಗೆಮನೆಗೆ ನುಗ್ಗಿದ.

ಸೊಸೆ ನೀರು ಕೊಡಲಿಲ್ಲ. "ಹೇಳ್ಬಿಟ್ರಲ್ಲ," ಎಂದಳು. "ಅಷ್ಟು ಕೇಳ್ಕೊಂಡಿದ್ದೆ. ಹೇಳ್ಬಿಟ್ರಲ್ಲ ನೀವು."

"ಏನನ್ನಮ್ಮ?"

"ಅವರ ಕೆಲಸಾನ ನಾನು ಬಿಚ್ಚಿ ಮಾಡ್ತಿದ್ದೆ ಅಂತ. ಮನೆಗೆ ಬಂದು ನನ್ನ ಹತ್ರ ಒಂದು ಮಾತೂ ಆಡ್ಲಿಲ್ಲ. ಆ ಅವಮಾನಕ್ಕೇ ಜೀವ ಬಿಟ್ರು. ನಾನೇ ಕೊಂದೆ ಅವರನ್ನ."

"ಅಯ್ಯೋ ಹುಚ್ಚು ಹುಡುಗಿ!" ಟೈಲರ್ ಅಲ್ಲೇ ಇದ್ದ ಮಣೆಯ ಮೇಲೆ ಕುಸಿದು ಕೂತ. "ನಾನು ಬಾಯಿಬಡುಕ, ಒಪ್ತೀನಿ. ಆದ್ರೆ ನಾನು ಹೇಳೋಕೆ ಏನು ಉಳಿದಿತ್ತು? ಅವರಿಗೆ ಮೊದಲಿಂದ್ಲೂ ಗೊತ್ತಿತ್ತು."

ಅವಳಿಗೆ ಅರ್ಥವಾಗಲಿಲ್ಲ. "ಮೊದಲಿಂದ ಅಂದ್ರೆ?"

"ಬೇಕರಿ ಕಿಟಕಿಯಿಂದ. ನಿನ್ನೆ ನಮ್ಮನೇಗೆ ಬಂದವರೇ ಸ್ಕ್ರೂಗಳ ಮೇಲೆ ಹೆಬ್ಬೆರಳು ಆಡಿಸಿದ್ರು. ಯಾರು ಮಾಡಿದ್ದು ಅಂದ್ರು. ನೀವೇ ಅಲ್ವಾ ಅಂದೆ, ನಿನಗೆ ಮಾತು ಕೊಟ್ಟಿದ್ದೆನಲ್ಲ. ನಕ್ಕುಬಿಟ್ರು. 'ಟೈಲರೇ, ಮೂರು ವರ್ಷದಿಂದ ನನ್ನ ಕೈಲಿ ಒಂದು ಗೀಟೂ ನೆಟ್ಟಗೆ ನಿಂತಿಲ್ಲ. ಇಲ್ಲಿ ಹನ್ನೆರಡಕ್ಕೆ ಹನ್ನೆರಡೂ ನಿಂತಿವೆ. ವಯಸ್ಸಾದ ಕಾಲಕ್ಕೆ ಯಾಕ್ರೀ ಸುಳ್ಳು ಹೇಳ್ತೀರ' ಅಂದ್ರು."

"ಮತ್ತೆ ಯಾಕೆ ಬೈಲಿಲ್ಲ ನನ್ನ? ಯಾಕೆ ನಿಲ್ಲಿಸ್ಲಿಲ್ಲ?"

"ನಿಲ್ಲಿಸೋದಾ? ಮೊದಮೊದಲು ಕೈ ನಡುಗಿ ತಪ್ಪಾಗಿದ್ದು ನಿಜ. ಆಮೇಲಾಮೇಲೆ ಬೇಕಂತಲೇ ಕೆಡಿಸಿ ಬರ್ತಿದ್ರು! ಒಂದೊಂದು ಮನೇಲಿ ಒಂದೊಂದು ಪಾಠ. ಕಲಿಸಲ್ಲ ಅಂತ ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ರಲ್ಲ, ಇನ್ನೇನು ಮಾಡ್ತಾರೆ? ಮಾರನೇ ದಿನ ಬಂದು ನಿನ್ನ ಕೆಲಸ ನೋಡ್ಕೊಂಡು ಹೋಗೋರು. ನಿನ್ನ ಗುಟ್ಟು ಅವರಿಗೆ ಹೇಳೋ ಹಾಗಿಲ್ಲ, ಅವರ ಗುಟ್ಟು ನಿನಗೆ ಹೇಳೋ ಹಾಗಿಲ್ಲ. ಇಡೀ ಬೀದಿ ಬಾಯಿ ಮುಚ್ಕೊಂಡು ಕೂತಿತ್ತು. ನನ್ನಂಥವನಿಗೆ ಹೊಟ್ಟೆ ಉಬ್ಬಿ ಹೋಗಿತ್ತು ಕಣಮ್ಮ."

ಒಲೆಯ ಮೇಲೆ ನೀರು ಕುದಿದು ಉಕ್ಕಿತು. ಇಬ್ಬರೂ ಅದರ ಕಡೆ ನೋಡಲಿಲ್ಲ. ಸೊಸೆಯ ಕಣ್ಣಿನಿಂದ ನಿನ್ನೆಯಿಂದ ಬಾರದ ನೀರು ಈಗ ಬರತೊಡಗಿತು, ಅವಳು ಒರೆಸಿಕೊಳ್ಳಲೂ ಹೋಗಲಿಲ್ಲ.

"ನಮ್ಮನೇದೇ ಕೊನೇ ಪಾಠ ಅಂತೆ," ಟೈಲರ್ ಮುಂದುವರಿಸಿದ. "ಚಿಕ್ಕ ವಯಸ್ಸಲ್ಲಿ ಅವರೇ ಸೋತಿದ್ರಂತೆ ಇಂಥದ್ದರಲ್ಲಿ. ಕೆಳಗಿನ ಸರಳು ಕೂರಲ್ಲ ಅಂತ ಕೆಳಗಿನ ತೂತನ್ನ ಕೊರೆದೂ ಕೊರೆದೂ ಒಳ್ಳೆ ಚೌಕಟ್ಟನ್ನ ಹಾಳು ಮಾಡಿ, ಮೇಸ್ತ್ರಿ ಕೈಲಿ ಕಪಾಳಕ್ಕೆ ತಿಂದಿದ್ರಂತೆ. 'ಇವಳು ತೂತು ಮುಟ್ಟೇ ಇಲ್ಲ ಟೈಲರೇ, ಮುಟ್ಟೇ ಇಲ್ಲ' ಅಂತ ಹತ್ತು ಸಲ ಹೇಳಿದ್ರು. ಎರಡು ಸಲ ಚಹಾ ಮಾಡಿಸ್ಕೊಂಡು ಕುಡಿದ್ರು."

"ಹಾಗಾದ್ರೆ ಮನೆಗೆ ಬಂದು ಯಾಕೆ ಮಾತಾಡ್ಲಿಲ್ಲ?"

"ಅದನ್ನೂ ಹೇಳಿದ್ರು. ಇವತ್ತು ಬಾಯಿ ತೆಗೆದ್ರೆ ಅಳು ಬಂದುಬಿಡುತ್ತೆ, ಸೊಸೆ ಮುಂದೆ ಅತ್ತರೆ ಮರ್ಯಾದೆ ಉಳಿಯುತ್ತಾ, ಒಂದು ನಿದ್ದೆ ಮಾಡಿ ಎದ್ದು ಕೇಳ್ತೀನಿ ಅಂದ್ರು."

"ಏನು ಕೇಳೋಕೆ?"

"ಎಲ್ರೂ ಕೆಳಗೆ ನೋಡೋ ಕಡೆ, ಮೇಲೆ ನೋಡ್ಬೇಕು ಅಂತ ನಿನಗೆ ಹೇಗೆ ಹೊಳೀತು ಅಂತ."

ಹೊರಗೆ ಗಾಡಿಯ ಹಾರ್ನ್ ಕೇಳಿಸಿತು.

*

ಕೋಣೆ ತುಂಬಿತ್ತು. ಅಂಗಿ ಮಾವನಿಗೆ ಚೆನ್ನಾಗಿ ಒಪ್ಪಿತ್ತು. ತಲೆಯ ಕಡೆ ಇಬ್ಬರು, ಕಾಲಿನ ಕಡೆ ಇಬ್ಬರು ನಿಂತಿದ್ದರು. ಅವರಲ್ಲಿ ಅವಳ ಗಂಡನೂ ಒಬ್ಬ. ಅತ್ತೆ ಮೂಲೆಯಲ್ಲಿ ಬಿಕ್ಕುತ್ತಿದ್ದಳು. "ಎತ್ತೋಣ" ಎಂದು ಯಾರೋ ಹೇಳಿದರು. ನಾಲ್ವರೂ ಬಗ್ಗಿದರು.

"ಒಂದು ನಿಮಿಷ," ಎಂದಳು ಸೊಸೆ.

ಜನರ ನಡುವೆ ದಾರಿ ಮಾಡಿಕೊಂಡು ಬಂದು ಮಾವನ ಪಕ್ಕದಲ್ಲಿ ಕೂತಳು. ಅವರ ಬಲಗೈಯನ್ನು ಎತ್ತಿ ತನ್ನ ಕೈಯಲ್ಲಿ ಇಟ್ಟುಕೊಂಡಳು. ತಣ್ಣಗಿತ್ತು, ಈಗ ಒಂದಿಷ್ಟೂ ನಡುಗುತ್ತಿರಲಿಲ್ಲ. ಅವಳಿಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿಯೂ ಅಷ್ಟೇ ಸಿಟ್ಟೂ ಒಟ್ಟಿಗೇ ಉಕ್ಕಿ ಬಂತು. ಒಂದು ಮಾತು, ಒಂದೇ ಒಂದು ಮಾತು ಆಡಿ ಮಲಗಬಾರದಿತ್ತೇ?

"ಮಾವ," ಎಂದಳು. "ನಾನೂ ಮೊದಲು ಕೆಳಗೇ ನೋಡಿದೆ. ತೂತು ಚಿಕ್ಕದಾಯ್ತು ಅಂತಲೇ ಅಂದ್ಕೊಂಡೆ. ಉಳಿ ಕೈಗೆ ತಗೊಂಡೂ ಆಗಿತ್ತು."

"ಏನೇ ಇದು, ಗಾಡಿ ಕಾಯ್ತಿದೆ," ಅತ್ತೆ ಮೂಗು ಒರೆಸಿಕೊಂಡು ಮುಂದೆ ಬಂದಳು. ಟೈಲರ್ ಅವಳ ತೋಳು ಹಿಡಿದು ನಿಲ್ಲಿಸಿದ.

"ಆಮೇಲೆ ಬಗ್ಗಿ ನೋಡಿದ್ರೆ ತೂತಿನ ತಳದಲ್ಲಿ ಮರದ ಹುಡಿ ಹಾಗೇ ಇತ್ತು. ಸರಳು ಅಲ್ಲಿಗೆ ಒಂದು ಸಲಾನೂ ಬಂದಿಲ್ಲ ಅಂತಾಯ್ತು. ಕೆಳಗೆ ಅಡ್ಡ ಏನೂ ಇಲ್ಲ, ಆದ್ರೂ ಹಿಡಿ ಅರ್ಧಕ್ಕೇ ನಿಲ್ಲುತ್ತೆ. ಹಾಗಾದ್ರೆ ತಡೀತಿರೋದು ಇನ್ನೊಂದು ಕಡೆ ಅಲ್ವಾ ಮಾವ? ಸ್ಟೂಲ್ ಹಾಕಿ ಹತ್ತಿದೆ. ನೆತ್ತಿ ತೂತಿನ ಒಳಗೆ ಮರ ಹೊಸದಾಗಿ ಜಜ್ಜಿತ್ತು. ಮೇಲಿನ ಸರಳು ಎರಡು ನೂಲು ಉದ್ದ. ಕಾಲಂಗುಲ ಅಷ್ಟೇ. ಅದು ಹೋಗಿ ತಲೆ ಕೊಟ್ಟು ನಿಂತ್ರೆ ಕೆಳಗಿಂದು ಪಾಪ ಹೇಗೆ ಇಳಿಯುತ್ತೆ?"

ಗಂಡ ಅವಳನ್ನೇ ನೋಡುತ್ತಿದ್ದ. ಹೆಂಡತಿಯ ಬಾಯಲ್ಲಿ ಅಪ್ಪನ ಕಸುಬಿನ ಮಾತು ಕೇಳುತ್ತಿರುವುದು ಇದೇ ಮೊದಲು.

"ಅರದಲ್ಲಿ ಉಜ್ಜಿದೆ. ಒಂದೇ ಸಲಕ್ಕೆ ಉಜ್ಜಲಿಲ್ಲ, ಸ್ವಲ್ಪ ಉಜ್ಜೋದು, ಹಾಕಿ ನೋಡೋದು. ನಾಲ್ಕು ಸಲ ತೆಗೆದು ಹಾಕಿದೆ. ತುದೀನ ಗುಂಡಗೆ ಮಾಡಿದೆ, ಮರ ಕಚ್ಚಬಾರದು ಅಂತ. ಐದನೇ ಸಲ ಹೀಗೆ ಹಿಡ್ಕೊಂಡು..."

ಒಂದು ಕೈಯಲ್ಲಿ ಮಾವನ ಕೈ ಇತ್ತು. ಇನ್ನೊಂದನ್ನು ಎದೆಯ ಮಟ್ಟಕ್ಕೆ ಎತ್ತಿ, ಗಾಳಿಯಲ್ಲಿ ಇಲ್ಲದ ಹಿಡಿಯನ್ನು ಹಿಡಿದು, ನಿಧಾನವಾಗಿ ತಿರುಗಿಸಿದಳು. ಎತ್ತಲು ಬಗ್ಗಿದ್ದ ನಾಲ್ವರೂ ಮಾವನನ್ನು ಅಲ್ಲೇ ಬಿಟ್ಟು ಎದ್ದು ನಿಂತು, ಆ ಕೈ ಎಲ್ಲಿಯವರೆಗೆ ತಿರುಗುತ್ತದೆಂದು ನೋಡುತ್ತಿದ್ದರು.